ಉಬ್ಬುಸೇತುವೆಯ ಊರಿನಲ್ಲಿ

ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಕಡಲಲ್ಲಿ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪವಿದೆ. 1907ರಲ್ಲಿ ಆರಂಭವಾದ ಟಿ.ಟಿ. ಮೋಟಾರ್‌ಸೈಕಲ್ ಪಂದ್ಯ ಇಲ್ಲಿಯದು. ಇದಕ್ಕೆ ಪ್ರತ್ಯೇಕ ಮೈದಾನವಿಲ್ಲ. ಜನ ದಿನವೂ ಓಡಾಡುವ ರಸ್ತೆಯನ್ನೇ ಮುಚ್ಚಿ ಓಡಿಸುತ್ತಾರೆ. ಒಂದು ಸುತ್ತಿಗೆ ಸುಮಾರು 60 ಕಿ.ಮೀ., ಇನ್ನೂರಕ್ಕೂ ಹೆಚ್ಚು ತಿರುವುಗಳು, ಪಕ್ಕದಲ್ಲೇ ಕಲ್ಲುಗೋಡೆಗಳು.

ಬಲಾಫ್ ಹಳ್ಳಿಯ ಉಬ್ಬುಸೇತುವೆಯ ಮೇಲೆ ಎರಡೂ ಚಕ್ರ ನೆಲ ಬಿಡುತ್ತವೆ. ಸ್ಪ್ರಿಂಗ್ ತೀರಾ ಮೆದುವಾದರೆ ಇಳಿಯುವಾಗ ಬೈಕ್ ತಳ ಮುಟ್ಟುತ್ತದೆ. ತೀರಾ ಬಿಗಿಯಾದರೆ ಉಬ್ಬುತಗ್ಗಿನಲ್ಲಿ ಟೈರು ರಸ್ತೆಯ ಹಿಡಿತ ಕಳೆದುಕೊಳ್ಳುತ್ತದೆ.

ಹದ ಮಾಡುವ ಕ್ರಮ ಸರಳ. ಸವಾರ ಪೂರ್ತಿ ಉಡುಪು ತೊಟ್ಟು ಕೂತಾಗ ಬೈಕ್ ಎಷ್ಟು ಕುಸಿಯಿತೆಂದು ಅಳೆಯುತ್ತಾರೆ. ಸ್ಪೋರ್ಟ್ಸ್ ಬೈಕಿಗೆ 30ರಿಂದ 40 ಮಿ.ಮೀ. ಸಾಮಾನ್ಯ ಲೆಕ್ಕ. 50 ಕಿಲೋ ಸವಾರನಿಗೆ ಹೊಂದಿದ್ದು 90 ಕಿಲೋದವನಿಗೆ ಹೊಂದದು. ಪ್ರೀಲೋಡ್ ತಿರುಗಿಸಿಯೂ ಸರಿಹೋಗದಿದ್ದರೆ ಸ್ಪ್ರಿಂಗನ್ನೇ ಬದಲಿಸಬೇಕು. ಆಮೇಲೆ ಡ್ಯಾಂಪಿಂಗ್. ಜೋರಾಗಿ ಬ್ರೇಕ್ ಹಿಡಿಯುವವನ ಬೈಕು ಮುಂದಕ್ಕೆ ಬಗ್ಗುವುದು ಹೆಚ್ಚು. ಅವನಿಗೆ ಮುಂದಿನ ಫೋರ್ಕ್ ಕೊಂಚ ಬಿಗಿ ಬೇಕು. ಒಮ್ಮೆಗೆ ಒಂದೇ ಬದಲಾವಣೆ, ಅದನ್ನು ಬರೆದಿಡುವುದು, ಇದೇ ನಿಯಮ.

ಇಷ್ಟೆಲ್ಲ ಮಾಡಿದರೂ ಈ ಹಾದಿ 250ಕ್ಕೂ ಹೆಚ್ಚು ಸವಾರರನ್ನು ಬಲಿ ಪಡೆದಿದೆ. ಹದವಾದ ಸ್ಪ್ರಿಂಗ್ ದುಡುಕಿಗೆ ಮದ್ದಲ್ಲ.

ನಮ್ಮ ಮನೆಯ ಬೈಕಿಗೂ ಈ ಪಾಠ ಸಲ್ಲುತ್ತದೆ. ಹಿಂದೆ ಅಪ್ಪನೋ ತಂಗಿಯೋ ಕೂರುವುದಾದರೆ ಹಿಂದಿನ ಶಾಕ್ ಅಬ್ಸಾರ್ಬರನ್ನು ಕೈಪಿಡಿ ನೋಡಿ ಒಂದೆರಡು ಮೆಟ್ಟಿಲು ಬಿಗಿಗೊಳಿಸಿ. ಕೆಲವೇ ನಿಮಿಷದ ಕೆಲಸ. ಬ್ರೇಕ್ ಹಿಡಿದಾಗ ಅದರ ಬೆಲೆ ತಿಳಿಯುತ್ತದೆ.