ಹೊರಿಕಿರಿಯ ಹೂಗದ್ದೆಗಳು

ಜೂನ್ ತಿಂಗಳಿನ ಮೊದಲ ವಾರ. ಕನ್ನಡನಾಡಿನ ಒಕ್ಕಲಿಗನು ಮೃಗಶಿರೆಯ ಮಳೆಯನ್ನು ಎದುರುನೋಡುತ್ತ ಬಾನಿನತ್ತ ಕಣ್ಣಿಟ್ಟಿರುವ ಆ ದಿನಗಳಲ್ಲಿಯೇ, ಸಾವಿರಾರು ಮೈಲಿ ದೂರದ ಜಪಾನಿನಲ್ಲಿಯೂ ಮಳೆಗಾಲ ಕಾಲಿಡುತ್ತದೆ. ದಿನವೆಲ್ಲ ಜಿನುಗುವ ಸೋನೆ, ಒಣಗದ ಬಟ್ಟೆ, ಮಂಕಾದ ಬೆಳಕು. ಇಂತಹ ಹವೆಯಲ್ಲಿ ಮನೆಯೊಳಗೆ ಬೆಚ್ಚಗೆ ಕುಳಿತಿರುವುದೇ ಲೇಸೆಂದು ಯಾರಿಗಾದರೂ ತೋರಬಹುದು. ಟೋಕಿಯೋ ನಗರದ ಜನರಿಗೆ ಮಾತ್ರ ಹಾಗೆ ತೋರುವುದಿಲ್ಲ. ಅವರು ಕೊಡೆ ಹಿಡಿದು, ಮಕ್ಕಳನ್ನೂ ಮನೆಯ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೂ ನೋಡಲು ಹೊರಡುತ್ತಾರೆ. ಅದು ನೀರನ್ನೊಲಿದ ಹೂ. ಎಸಳಿನ ಮೇಲೆ ಮಳೆಹನಿ ನಿಂತಾಗಲೇ ಅದರ ನಿಜವಾದ ಚೆಲುವು ಎಂದು ಅವರ ಎಣಿಕೆ.

ಊಯೆನೋದಿಂದ ಹೊರಡುವ ಕೇಸೇ ರೈಲುಮಾರ್ಗದಲ್ಲಿ ನಗರದ ಪೂರ್ವಭಾಗಕ್ಕೆ ಸಾಗಿದರೆ ಒಂದು ಪುಟ್ಟ ನಿಲ್ದಾಣ ಬರುತ್ತದೆ. ಅದರ ಹೆಸರೇ 'ಹೊರಿಕಿರಿ ಶೋಬುಎನ್', ಎಂದರೆ ಹೊರಿಕಿರಿಯ ಶೋಬು ತೋಟ. ಅಲ್ಲಿಂದ ಹತ್ತು ನಿಮಿಷದ ಕಾಲುನಡಿಗೆ. ಅಂಗಡಿಸಾಲು, ಒತ್ತಾಗಿ ಕಟ್ಟಿದ ಮನೆಗಳು, ಕಿರಿದಾದ ಓಣಿಗಳು. ಆಯಾಸೆ ನದಿಯ ಬದಿಯಲ್ಲಿ ಕಂಬಗಳ ಮೇಲೆ ಎತ್ತರವಾಗಿ ಹಾದುಹೋಗುವ ಹೆದ್ದಾರಿ. ಇಂತಹ ಎಡೆಯಲ್ಲಿ ಹೂದೋಟವಿದ್ದೀತೆಂದು ನಂಬುವುದೇ ಕಷ್ಟ. ಆದರೆ ಬಾಗಿಲು ದಾಟಿದ ಕೂಡಲೆ ಕಣ್ಣಿಗೆ ಬೀಳುವುದು ಬತ್ತದ ಗದ್ದೆಯಂತೆಯೇ ಮಡಿಮಡಿಯಾಗಿ ಹಾಸಿದ ನೆಲ. ಬದುಗಳ ನಡುವೆ ನೀರು. ನೀರಿನ ಮೇಲೆ ಕತ್ತಿಯಂತೆ ನೆಟ್ಟಗೆ ನಿಂತ ಹಸಿರೆಲೆಗಳು. ಎಲೆಗಳ ಮೇಲೆ ಬಿಳಿ, ನೇರಿಳೆ, ತಿಳಿನೀಲಿ, ನಸುಗೆಂಪು ಬಣ್ಣದ ಹೂಗಳು. ಸುಮಾರು 200 ತಳಿಗಳ 6,000 ಗಿಡಗಳು ಇಲ್ಲಿವೆ. ಪ್ರವೇಶಕ್ಕೆ ಹಣವಿಲ್ಲ.

ಈ ಹೂವಿನ ಹೆಸರು ಹನಾಶೋಬು. ಪಶ್ಚಿಮದವರು ಇದರ ಕುಲವನ್ನು ಐರಿಸ್ ಎನ್ನುತ್ತಾರೆ; ಅದು ಗ್ರೀಕರ ಕಾಮನಬಿಲ್ಲಿನ ದೇವತೆಯ ಹೆಸರು. ಜಪಾನಿನಲ್ಲಿ ಐರಿಸ್ ಮನೆತನದ ಮೂವರು ಸೋದರಿಯರು ಹೆಸರುವಾಸಿ. ಮೊದಲನೆಯವಳು ಅಯಾಮೆ, ಒಣನೆಲದಲ್ಲಿ ಬೆಳೆಯುವವಳು, ಎಸಳಿನ ಬುಡದಲ್ಲಿ ಬಲೆ ಹೆಣೆದಂತಹ ಗೆರೆಗಳುಳ್ಳವಳು. ಎರಡನೆಯವಳು ಕಾಕಿತ್ಸುಬಾತಾ, ವರ್ಷವಿಡೀ ನೀರಿನಲ್ಲಿಯೇ ಕಾಲೂರಿರುವವಳು, ಎಸಳಿನ ನಡುವೆ ಬಿಳಿಯ ಗೆರೆ ಎಳೆದುಕೊಂಡವಳು. ಮೂರನೆಯವಳೇ ಹನಾಶೋಬು, ಎಸಳಿನ ಬುಡದಲ್ಲಿ ಹಳದಿಯ ಬೊಟ್ಟು, ಎಲೆಯ ನಡುವೆ ಎದ್ದು ಕಾಣುವ ನರ ಇವಳ ಗುರುತು. ಮೂವರಲ್ಲಿ ಯಾರು ಯಾರೆಂದು ಹೇಳಲಾಗದೆ ತಬ್ಬಿಬ್ಬಾಗುವುದು ಅಲ್ಲಿ ಗಾದೆಯೇ ಆಗಿದೆ; ಇಬ್ಬರು ಚೆಲುವೆಯರಲ್ಲಿ ಯಾರು ಮೇಲೆಂದು ತಿಳಿಯದಾದಾಗ ಆ ಗಾದೆಯನ್ನು ಬಳಸುತ್ತಾರೆ.

ಶೋಬು ಎಂಬ ಹೆಸರಿನ ಹಿಂದೆ ಕನ್ನಡ ಮನೆಗಳಿಗೆ ಪರಿಚಿತವಾದ ಒಂದು ಗಿಡವೂ ಇದೆ. ಹೂವಿಲ್ಲದ ಬರಿಯ 'ಶೋಬು' ಎಂದರೆ ಬೇರೇನೂ ಅಲ್ಲ, ಬಾಣಂತಿ ಮನೆಯಲ್ಲಿ ಮಗುವಿಗಾಗಿ ತೇಯುವ ಬಜೆ. ಜಪಾನಿನಲ್ಲಿ ಮೇ 5ರ ಮಕ್ಕಳ ಹಬ್ಬದಂದು ಈ ಬಜೆಯ ಎಲೆಗಳನ್ನು ಬಿಸಿನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟು ಮಕ್ಕಳಿಗೆ ಸ್ನಾನ ಮಾಡಿಸುತ್ತಾರೆ. ಅದರ ಘಮದಿಂದ ರೋಗರುಜಿನಗಳು ದೂರವಾಗುವುವೆಂದು ನಂಬಿಕೆ. ಬಜೆಯಂತಹ ಎಲೆ, ಮೇಲೆ ಸೊಗಸಾದ ಹೂ. ಆದ್ದರಿಂದ 'ಹನಾಶೋಬು', ಹೂಬಜೆ. ಎರಡೂ ನೀರ ನೆಲದವೇ ಆದರೂ ಸಸ್ಯಶಾಸ್ತ್ರದ ಪ್ರಕಾರ ಅವುಗಳಿಗೆ ನೆಂಟಸ್ತಿಕೆಯಿಲ್ಲ.

ಟೋಕಿಯೋಗೆ ಎದೊ ಎಂಬ ಹೆಸರಿದ್ದ ಕಾಲದಲ್ಲಿ ಹೊರಿಕಿರಿಯು ನಗರದಾಚೆಯ ಒಂದು ಜೌಗು ಹಳ್ಳಿ. ಅಲ್ಲಿನ ರೈತರು ನಗರಕ್ಕೆ ಹೂ ಬೆಳೆದು ಒಯ್ಯುತ್ತಿದ್ದರು. 19ನೆಯ ಶತಮಾನದ ಆರಂಭದಲ್ಲಿ ಕೊದಾಕಾ ಮನೆತನದ ಇಜಾಯೆಮೋನ್ ಎಂಬ ಬೇಸಾಯಗಾರನಿಗೆ ಈ ಹೂವಿನ ಹುಚ್ಚು ಹಿಡಿಯಿತು. ಆ ಕಾಲದಲ್ಲಿ ಅದೇ ಹುಚ್ಚು ಹಿಡಿದಿದ್ದ ಮತ್ತೊಬ್ಬನಿದ್ದನು: ಮಾತ್ಸುದೈರಾ ಸಾದಾತೊಮೋ ಎಂಬ ಕುಲೀನ ಯೋಧ. 1773ರಲ್ಲಿ ಹುಟ್ಟಿ 1856ರಲ್ಲಿ ತೀರಿಕೊಂಡ ಈತ ಸುಮಾರು ಅರುವತ್ತು ವರ್ಷಗಳ ಕಾಲ ಹನಾಶೋಬುವಿನ ಬೀಜ ಬಿತ್ತುತ್ತ, ಆರಿಸುತ್ತ, ಮತ್ತೆ ಬಿತ್ತುತ್ತ ಕಳೆದನು. ಕಾಡಿನ ಪುಟ್ಟ ನೇರಿಳೆ ಹೂ ಅವನ ಕೈಯಲ್ಲಿ ಅಂಗೈಯನ್ನು ಮೀರಿ ಅಗಲವಾಯಿತು, ಮೂರೆಸಳು ಆರಾಯಿತು, ಒಂದು ಬಣ್ಣ ಹತ್ತಾಯಿತು. ಕಡೆಗೆ ಅವನು ತನ್ನನ್ನೇ 'ಶೋಓ' ಎಂದು ಕರೆದುಕೊಂಡನು. ಶೋಬುವಿನ ಮುದುಕ ಎಂದು ಅದರ ಅರ್ಥ. ಅವನು ಬೆಳೆಸಿದ 'ಉಚು' ಎಂಬ ತಳಿ ಇಂದಿಗೂ ಅರಳುತ್ತಿದೆ. ಆ ಹೆಸರಿನ ಅರ್ಥ ವಿಶ್ವ.

ಹಳ್ಳಿಯ ಇಜಾಯೆಮೋನನು ಈ ಯೋಧನ ಬಳಿಗೆ ಹೋಗಿ 'ಹಗೊರೊಮೋ', 'ತಾತ್ಸುತಾಗಾವಾ' ಮೊದಲಾದ ತಳಿಗಳನ್ನು ಬೇಡಿ ತಂದನೆಂದು ಹೊರಿಕಿರಿಯವರು ಹೇಳುತ್ತಾರೆ. ಹೀಗೆ ಬೇಡಿ ತಂದ ಕೆಲವು ಗಡ್ಡೆಗಳಿಂದ ಹಬ್ಬಿದ ತೋಟವನ್ನು ನೋಡಲು ಎದೊ ನಗರವೇ ಮುಗಿಬಿದ್ದಿತು. ಮರದಚ್ಚಿನ ಚಿತ್ರಗಳಿಗೆ ಹೆಸರಾದ ಹಿರೋಶಿಗೆಯು ಎದೊವಿನ ನೂರು ನೋಟಗಳ ಮಾಲೆಯಲ್ಲಿ, 1857ರಲ್ಲಿ, ಹೊರಿಕಿರಿಯನ್ನು ಚಿತ್ರಿಸಿದನು. ಆ ಚಿತ್ರದಲ್ಲಿ ಹೂಗಳು ಮುಂದೆ ಎತ್ತರವಾಗಿ ನಿಂತಿವೆ. ನೋಡಲು ಬಂದ ಮನುಷ್ಯರು ದೂರದಲ್ಲಿ ಇರುವೆಗಳಂತೆ ಕಾಣುತ್ತಾರೆ. ಯಾರು ದೊಡ್ಡವರು, ಯಾರು ಅತಿಥಿಗಳು ಎಂಬುದರಲ್ಲಿ ಕಲಾವಿದನಿಗೆ ಸಂದೇಹವಿರಲಿಲ್ಲ.

ಇದೇ ಶೋಓನ ಗಿಡಗಳು ಇನ್ನೊಂದು ದಾರಿಯನ್ನೂ ಹಿಡಿದವು. ದಕ್ಷಿಣದ ಕುಮಾಮೋತೋ ಸಂಸ್ಥಾನದ ಒಡೆಯ ಹೊಸೊಕಾವಾ ನಾರಿಮೋರಿಗೆ ಅವನು ತನ್ನ ತಳಿಗಳನ್ನು ಕೊಟ್ಟನು. ಆದರೆ ಅವು ಹೊರಗಿನವರ ಕೈಗೆ ಹೋಗಬಾರದೆಂಬುದು ಕರಾರು. ಕುಮಾಮೋತೋದ ಹೂಪ್ರಿಯರು ಆ ಮಾತನ್ನು ತಲೆಮಾರುಗಳವರೆಗೆ ಪಾಲಿಸಿದರು. ಅವರು ಅದನ್ನು ಗದ್ದೆಯಲ್ಲಿ ಬೆಳೆಸಲಿಲ್ಲ. ಕುಂಡಗಳಲ್ಲಿ ಬೆಳೆಸಿ, ಹೂ ಬಿರಿಯುವ ದಿನ ಮನೆಯೊಳಗೆ ತಂದು, ಚಿನ್ನದ ತಗಡು ಹಚ್ಚಿದ ಮಡಿಚುವ ತೆರೆಯ ಮುಂದೆ ಸಾಲಾಗಿ ಇಟ್ಟು, ಚಾಪೆಯ ಮೇಲೆ ಮಂಡಿಯೂರಿ ಕುಳಿತು ನೋಡುತ್ತಿದ್ದರು. ಎದೊವಿನ ತಳಿ ನಡೆಯುತ್ತ ನೋಡುವವರ ಹೂ; ಗಾಳಿಮಳೆಗೆ ಜಗ್ಗದ ಗಟ್ಟಿ ಕಾಂಡ ಅದರದು. ಕುಮಾಮೋತೋದ 'ಹಿಗೋ' ತಳಿ ಕುಳಿತು ನೋಡುವವರ ಹೂ. ಅಗಲವಾದ, ಮೃದುವಾದ, ಮಳೆಯ ಪೆಟ್ಟನ್ನು ತಾಳದ ಎಸಳು ಅದರದು. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಆ ಕರಾರು ಸಡಿಲಿ, ಹಿಗೋ ಹೂಗಳೂ ಲೋಕದ ತೋಟಗಳನ್ನು ಸೇರಿದವು.

ಟೋಕಿಯೋದಲ್ಲಿಯೇ ಮತ್ತೊಂದು ಹೂಗದ್ದೆಯಿದೆ. ಮೇಜಿ ದೇವಾಲಯದ ಒಳತೋಟದಲ್ಲಿ, ದಟ್ಟವಾದ ಮರಗಳ ನಡುವೆ, ಕಣಿವೆಯಲ್ಲಿ ಹೊಳೆಯಂತೆ ಬಳುಕುವ ಗದ್ದೆಯದು. ಮೊದಲು ಅಲ್ಲಿ ಬತ್ತ ಬೆಳೆಯುತ್ತಿದ್ದರು. 1893ರಲ್ಲಿ ಮೇಜಿ ಚಕ್ರವರ್ತಿಯು ತನ್ನ ಮಹಾರಾಣಿಗಾಗಿ ಅಲ್ಲಿ ಹನಾಶೋಬುವನ್ನು ನೆಡಿಸಿದನು. ಅನ್ನದ ನೆಲ ಹೂವಿನ ನೆಲವಾಯಿತು.

ಈ ಎರಡು ಬೆಳೆಗಳಿಗೆ ಇರುವ ನಂಟು ಆಕಸ್ಮಿಕವಲ್ಲ. ಹನಾಶೋಬುವನ್ನು ಬೆಳೆಸುವವನಿಗೆ ಬೇಕಾದುದು ಬತ್ತ ಬೆಳೆದವನ ಕೈಯೇ: ನೀರನ್ನು ಯಾವಾಗ ಕಟ್ಟಬೇಕು, ಯಾವಾಗ ಬಿಡಬೇಕು ಎಂಬ ತಿಳಿವಳಿಕೆ. ಈ ಹೂವು ವರ್ಷವಿಡೀ ನೀರಿನಲ್ಲಿ ನಿಲ್ಲಬೇಕೆಂಬುದು ನೋಡುವವರ ತಪ್ಪು ಕಲ್ಪನೆ. ಅಂತಹ ವ್ರತ ಅವಳ ಸೋದರಿ ಕಾಕಿತ್ಸುಬಾತಾಳದು. ಹನಾಶೋಬುವಿಗೆ ನೀರು ಅತಿಥಿ. ಚಿಗುರಿನಿಂದ ಹೂವಿನವರೆಗೆ ಬೇರು ತಂಪಾಗಿರಬೇಕು. ಹೂ ಬಿಡುವ ದಿನಗಳಲ್ಲಿ ಗದ್ದೆಗೆ ನೀರು ಕಟ್ಟಬಹುದು. ಹೂವಿನ ಕಾಲ ಮುಗಿದ ಬಳಿಕ ನೀರನ್ನು ಬಿಟ್ಟುಬಿಡಬೇಕು; ಬೇಸಗೆಯ ಬಿಸಿಗೆ ಕಾದ ನಿಂತ ನೀರಿನಲ್ಲಿ ಗಡ್ಡೆ ಕೊಳೆಯುತ್ತದೆ. ಚಳಿಗಾಲದಲ್ಲಿ ಎಲೆ ಒಣಗಿ ನೆಲ ಬೋಳಾಗಿ ಕಂಡರೂ ಒಳಗೆ ಗಿಡ ಮಲಗಿರುತ್ತದೆ. ಆಗ ನೀರು ನಿಲ್ಲಕೂಡದು, ಮಣ್ಣು ಪೂರಾ ಒಣಗಲೂ ಕೂಡದು. ಉಳಿದ ಪಥ್ಯವೂ ಕಠಿಣವೇನಲ್ಲ. ದಿನಕ್ಕೆ ಆರು ಗಂಟೆಗೆ ಕಡಮೆಯಿಲ್ಲದ ಬಿಸಿಲು, ಜಿಗುಟಾದ ಫಲವತ್ತಾದ ಮಣ್ಣು, ಅದರಲ್ಲಿ ತುಸು ಹುಳಿಗುಣ. ಸುಣ್ಣ ಮಾತ್ರ ಇದಕ್ಕೆ ವಿಷ. ಗೊಬ್ಬರವನ್ನು ಚಿಗುರುವಾಗ ಒಮ್ಮೆ, ಹೂ ಮುಗಿದ ಮೇಲೆ ಒಮ್ಮೆ ಕೊಟ್ಟರೆ ಸಾಕು. ಹೊಸದಾಗಿ ನೆಟ್ಟ ಗಡ್ಡೆಗೆ ಅದು ಬೇರು ಬಿಡುವತನಕ ಏನನ್ನೂ ಹಾಕಕೂಡದು.

ಎಲ್ಲಕ್ಕಿಂತ ಮುಖ್ಯವಾದ ಕೆಲಸವೆಂದರೆ ಬಿಡಿಸಿ ನೆಡುವುದು. ಶುಂಠಿಯಂತೆ ಮಣ್ಣಿನಲ್ಲಿ ಹರಿಯುವ ಈ ಗಡ್ಡೆ ವರ್ಷವರ್ಷವೂ ಹಳೆಯ ಬೇರಿನ ಮೇಲೆ ಹೊಸ ಬೇರನ್ನು ಬಿಟ್ಟು ಮೇಲಕ್ಕೇರುತ್ತ ಬರುತ್ತದೆ. ಮೂರು ನಾಲ್ಕು ವರ್ಷಗಳಲ್ಲಿ ಬುಡದ ನಡುಭಾಗ ಬರಿದಾಗಿ, ಹೂ ಕಿರಿದಾಗುತ್ತದೆ. ಆದ್ದರಿಂದ ಹೂ ಮುಗಿದ ಕೂಡಲೆ ಬುಡವನ್ನು ಕಿತ್ತು, ಎರಡು ಮೂರು ಮೊಳಕೆಗಳ ತುಂಡುಗಳಾಗಿ ಬಿಡಿಸಿ, ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಬೇರೆ ಮಣ್ಣಿನಲ್ಲಿ ನಾಟಿ ಮಾಡಬೇಕು. ಬೀಜದಿಂದ ಗಿಡ ಬರುವುದು ನಿಜ. ಆದರೆ ತಾಯಿಯ ರೂಪ ಮಗಳಲ್ಲಿ ಬರುವುದಿಲ್ಲ. ನಂಜನಗೂಡಿನ ರಸಬಾಳೆ ಕಂದಿನಿಂದಲೇ ಬರಬೇಕಾದಂತೆ, 'ಉಚು' ಎಂಬ ಹೂ 'ಉಚು'ವಿನ ಗಡ್ಡೆಯಿಂದಲೇ ಬರಬೇಕು. ಈಗ ಅರಳುತ್ತಿರುವುದು ಶೋಓನ ಗಿಡದ ಸಂತತಿಯಲ್ಲ, ಆ ಗಿಡದ್ದೇ ತುಂಡು. ನಡುವೆ ಒಂದು ತಲೆಮಾರಿನವರು ಗುದ್ದಲಿ ಹಿಡಿಯುವುದನ್ನು ಮರೆತಿದ್ದರೆ ಅದು ಲೋಕದಿಂದಲೇ ಅಳಿದುಹೋಗುತ್ತಿತ್ತು. ಹೆಸರು ಮಾತ್ರ ಉಳಿದು ಹೂ ಅಳಿದ ತಳಿಗಳೂ ಇಲ್ಲದಿಲ್ಲ.

ಅಂತಹ ಗಂಡಾಂತರ ಹೊರಿಕಿರಿಗೂ ಬಂದಿತು. ನಗರ ಬೆಳೆದಂತೆ ಹಳ್ಳಿಯ ಹೂತೋಟಗಳು ಒಂದೊಂದಾಗಿ ಮುಚ್ಚುತ್ತ ಬಂದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದೇಶದಲ್ಲಿ ಅನ್ನಕ್ಕೆ ಕೊರತೆಯಾಯಿತು. ಹೂವಿಗೆ ಕೊಡಲು ನೆಲವಿಲ್ಲ ಎಂಬ ಕಾಲ. ಹೂಗದ್ದೆಗಳು ಬತ್ತದ ಗದ್ದೆಗಳಾದವು. ಅದನ್ನು ತಪ್ಪೆನ್ನುವವರು ಯಾರು? ಹಸಿದ ಮಗುವಿನ ಮುಂದೆ ಹೂವಿನ ಚೆಲುವನ್ನು ಹೊಗಳಲಾಗುವುದಿಲ್ಲ. ಇಜಾಯೆಮೋನನ ತೋಟ ಮತ್ತೆ ಅರಳಲೇ ಇಲ್ಲ. ಆದರೆ ಯುದ್ಧ ಮುಗಿದ ಮೇಲೆ, ಹಲವು ತೋಟಗಳಲ್ಲಿ ಒಂದು ಮಾತ್ರ ಬತ್ತವನ್ನು ಬಿಟ್ಟು ಹೂವಿಗೆ ಮರಳಿತು. 1960ರಲ್ಲಿ ಅದು ಟೋಕಿಯೋ ನಗರಾಡಳಿತದ ಸಾರ್ವಜನಿಕ ಉದ್ಯಾನವಾಯಿತು. 1975ರಲ್ಲಿ ಕಾತ್ಸುಶಿಕಾ ವಿಭಾಗದ ವಶಕ್ಕೆ ಬಂದಿತು. ಈಗ ಜನ ಕೊಡೆ ಹಿಡಿದು ನೋಡುವುದು ಅದನ್ನೇ.

ಈ ಹೂವನ್ನು ಮನೆಯೊಳಗೆ ಬಳಸುವ ಕ್ರಮವೂ ಸೊಗಸಾದುದು. ಹೂವಿಗಿಂತ ಎಲೆಗೇ ಹೆಚ್ಚು ಗಮನ ಕೊಡುತ್ತಾರೆಂದರೆ ಆಶ್ಚರ್ಯವಾದೀತು. ಎಲೆಗಳ ಕಟ್ಟನ್ನು ಬಿಡಿಸಿ, ಉದ್ದ ಗಿಡ್ಡ ನೋಡಿ ಮತ್ತೆ ಜೋಡಿಸಿ, ಆಳವಿಲ್ಲದ ಅಗಲವಾದ ತಟ್ಟೆಯಲ್ಲಿ ಒಂದೆರಡು ಹೂಗಳೊಡನೆ ನಿಲ್ಲಿಸುತ್ತಾರೆ. ತಟ್ಟೆಯ ಬಹುಭಾಗ ಬರಿಯ ನೀರು. ಆ ನೀರೂ ಅಲಂಕಾರದ ಒಂದು ಅಂಗವೇ. ಕೋಣೆಯೊಳಗೆ ಒಂದು ಕೊಳ ಬಂದು ಕುಳಿತಂತೆ ತೋರುತ್ತದೆ. ಚಳಿಗಾಲದ ನಿದ್ರೆಯನ್ನು ಬೇಡುವ ಹನಾಶೋಬು ಮೈಸೂರು, ಬೆಂಗಳೂರುಗಳ ಅಂಗಳಕ್ಕೆ ಸುಲಭವಾಗಿ ಒಗ್ಗುವ ಹೂವಲ್ಲ. ಆದರೆ ಹೂರಾಶಿಯ ಬದಲು ಒಂದು ಹೂ, ನಾಲ್ಕು ಎಲೆ, ಅಂಗೈಯಷ್ಟು ನೀರು ಎಂಬ ಆ ಮಿತವಾದ ರುಚಿ ಯಾವ ಮನೆಗೂ ಒಗ್ಗೀತು.

ಹನಾಶೋಬುವಿನ ಒಂದು ಹೂ ಬಾಳುವುದು ಸುಮಾರು ಮೂರು ದಿನ. ಬಾಡಿದ ಹೂಗಳನ್ನು ತೋಟದ ಕೆಲಸಗಾರರು ಬೆಳಗ್ಗೆ ಬದುಗಳ ಮೇಲೆ ಬಾಗಿ ಒಂದೊಂದಾಗಿ ಕಿತ್ತು ಬುಟ್ಟಿಗೆ ಹಾಕುತ್ತಾರೆ. ಅದೇ ಕಾಂಡದಲ್ಲಿ ಮುಂದಿನ ಮೊಗ್ಗು ಬಿರಿಯಲು ಎಡೆಯಾಗುತ್ತದೆ. ಜೂನ್ ಕಳೆದ ಮೇಲೆ ಹೊರಿಕಿರಿಗೆ ಬರುವವರು ವಿರಳ. ಕ್ಯಾಮೆರಾಗಳಿಲ್ಲ, ಕೊಡೆಗಳ ಸಾಲಿಲ್ಲ. ನೀರಿಳಿದ ಗದ್ದೆಯಲ್ಲಿ ಬರಿಯ ಎಲೆ. ಆಗಲೇ ಗುದ್ದಲಿಯ ಸಪ್ಪಳ ಕೇಳಿಬರುತ್ತದೆ. ಕೆಸರಿನಲ್ಲಿ ನಿಂತ ಮಾಲಿಗಳು ಬುಡಗಳನ್ನು ಕಿತ್ತು, ಬಿಡಿಸಿ, ಹೆಸರಿನ ಹಲಗೆ ತಪ್ಪದಂತೆ ನೋಡಿಕೊಂಡು ಮತ್ತೆ ನೆಡುತ್ತಾರೆ. ಶೋಓ ಕೊಟ್ಟುದನ್ನು ಇಜಾಯೆಮೋನ್ ಹೀಗೆಯೇ ನೆಟ್ಟಿದ್ದನು.