ಹದಿಮೂರು ಜನರ ಎಣಿಕೆ



ಕನ್ನಡದಲ್ಲಿ ‘ಎಣಿಸು’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳುಂಟು. ಒಂದು, ಲೆಕ್ಕ ಹಾಕುವುದು. ಇನ್ನೊಂದು, ಮನಸ್ಸಿನಲ್ಲಿ ಭಾವಿಸುವುದು. ಹಣವನ್ನು ಎಣಿಸುತ್ತೇವೆ, ಒಬ್ಬರನ್ನು ನಮ್ಮವರೆಂದೂ ಎಣಿಸುತ್ತೇವೆ. ಈ ಎರಡು ಎಣಿಕೆಗಳು ಒಂದಕ್ಕೊಂದು ಎದುರಾಗಿ ನಿಂತ ಒಂದು ಪ್ರಸಂಗವನ್ನು ಇಂದು ತಮ್ಮ ಮುಂದೆ ಇಡುತ್ತಿದ್ದೇನೆ. ಅದು ಗ್ರಂಥದಿಂದ ಆಯ್ದದ್ದಲ್ಲ. ನಮ್ಮ ಮನೆಯ ಹದಿಮೂರು ಜನ ಹಾವೇರಿ ಸೀಮೆಯಿಂದ ಹೊರಟು ಬಿಡದಿಯ ಬಳಿ ಇರುವ ವಂಡರ್‌ಲಾ ಮನರಂಜನಾ ಉದ್ಯಾನಕ್ಕೆ ಹೋಗಿ ಬಂದ ಸಂಗತಿ.

ವಚನ ವಿವೇಚನೆಯ ನಡುವೆ ಜಾರುಬಂಡೆಯ ಮಾತೇಕೆ ಎಂದು ಹಿರಿಯರು ಕೇಳಬಹುದು. ಬೇಸಿಗೆ ಬಂತೆಂದರೆ ಮಠಕ್ಕೆ ಬರುವ ಗೃಹಸ್ಥ ಭಕ್ತರು ಮಾತಿನ ನಡುವೆ ಇದನ್ನೇ ತೆಗೆಯುತ್ತಾರೆ: ಮಕ್ಕಳು ಹಟ ಹಿಡಿದಿವೆ, ಮನೆ ದೊಡ್ಡದು, ಕೈ ಸಣ್ಣದು, ಏನು ಮಾಡುವುದು? ಹೀಗೆ ಕೇಳುವವರಿಗಾಗಿಯೇ ಈ ಬರಹ.

‘ಜಾತ್ರೆ’ ಎಂಬ ಪದ ಸಂಸ್ಕೃತದ ‘ಯಾತ್ರಾ’ದ ತದ್ಭವ. ನಮ್ಮ ಬಾಲ್ಯದಲ್ಲಿ ಆಟವೆಂದರೆ ಜಾತ್ರೆಯೇ. ಜಾತ್ರೆಗೆ ಬಾಗಿಲಿಲ್ಲ. ಹತ್ತು ರೂಪಾಯಿ ಇದ್ದವನೂ ಒಳಗೆ, ಏನೂ ಇಲ್ಲದವನೂ ಒಳಗೆ. ತೊಟ್ಟಿಲು ಹತ್ತುವವನು ತೊಟ್ಟಿಲಿಗೆ ಕೊಡುತ್ತಾನೆ, ಬೆಂಡು ಬತ್ತಾಸು ಬೇಕಾದವನು ಅದಕ್ಕೆ ಕೊಡುತ್ತಾನೆ. ಅಜ್ಜಿಯೊಬ್ಬಳು ತೇರಿನ ಗಾಲಿಯ ಪಕ್ಕ ಕುಳಿತು ದಿನವಿಡೀ ನೋಡಿದರೂ ಕಾಸು ಖರ್ಚಿಲ್ಲ. ಉದ್ಯಾನದ ಕ್ರಮ ಬೇರೆ. ಬಾಗಿಲಲ್ಲಿ ಒಮ್ಮೆ ಹಣ ಕೊಟ್ಟರೆ ಒಳಗಿನ ಆಟಗಳನ್ನು ಮನಸಾರೆ ಆಡಬಹುದು. ಕೇಳಲು ಇದು ಉದಾರವಾಗಿಯೇ ಇದೆ. ಆದರೆ ಇಪ್ಪತ್ತು ಆಟ ಆಡುವ ಹುಡುಗನಂತೆಯೇ ಬೆಂಚಿನ ಮೇಲೆ ಕೂರುವ ಅಜ್ಜಿಯೂ ಚೀಟಿ ಕೊಳ್ಳಬೇಕು. ಈ ಪದ್ಧತಿ ಬಹಳ ಹಳೆಯದೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಾಲ್ಟ್ ಡಿಸ್ನಿಯವರು 1955ರಲ್ಲಿ ತೆರೆದ ಡಿಸ್ನಿಲ್ಯಾಂಡಿನಲ್ಲಿ ಮೊದಲು ಬಾಗಿಲಿಗೆ ಒಂದು ಡಾಲರ್, ಒಳಗಿನ ಆಟಗಳಿಗೆ ಪ್ರತ್ಯೇಕ ಚೀಟಿ ಎಂಬ ಏರ್ಪಾಡಿತ್ತು. ಹೆಚ್ಚುಕಡಿಮೆ ನಮ್ಮ ಜಾತ್ರೆಯಂತೆಯೇ. ಆ ಚೀಟಿ ಪುಸ್ತಕಗಳು ನಿಂತು ಒಂದೇ ಪ್ರವೇಶದರ ಬಂದದ್ದು 1982ರಲ್ಲಿ. ಬೆಂಗಳೂರಿನ ವಂಡರ್‌ಲಾ 2005ರಲ್ಲಿ ಆರಂಭವಾಯಿತು. ಅಲ್ಲಿಯೂ ಇದೇ ಒಂದೇ ದರದ ಕ್ರಮ.

ಈ ಕ್ರಮವು ದೊಡ್ಡ ಕುಟುಂಬವೊಂದರ ಮೇಲೆ ಏನು ಮಾಡುತ್ತದೆ ಎಂಬುದನ್ನು ನಾನು ನಮ್ಮ ಮನೆಯಲ್ಲೇ ಕಂಡೆ.

ನಾವು ಮೂವರು ಅಣ್ಣತಮ್ಮಂದಿರು. ಹಿರಿಯಣ್ಣ ಊರಲ್ಲಿ ಗೋವಿನಜೋಳ, ಮೆಣಸಿನಕಾಯಿ ಬೆಳೆಯುತ್ತಾನೆ. ಅವನಿಗೆ ಮೂವರು ಮಕ್ಕಳು. ನಡುವಿನವನು ಪಟ್ಟಣದಲ್ಲಿ ವಾಹನ ಚಾಲಕ, ಇಬ್ಬರು ಮಕ್ಕಳು. ಮಠದ ಗ್ರಂಥಕಾರ್ಯದಲ್ಲಿರುವ ನನಗೆ ಒಂದು ಎಳೆಕೂಸು. ಅವ್ವ ಹಿರಿಯಣ್ಣನ ಬಳಿ. ಒಲೆ ಮೂರಾದರೂ ಹಬ್ಬಕ್ಕೆ ಮನೆ ಒಂದೇ. 2024ರ ದಸರೆಯಲ್ಲಿ ಮಕ್ಕಳೆಲ್ಲ ಸೇರಿ ಅರ್ಜಿ ಹಾಕಿದವು. ಆ ರಾತ್ರಿಯೇ ಲೆಕ್ಕಕ್ಕೆ ಕುಳಿತೆವು.

ಲೆಕ್ಕ ಹಾಕಲು ಕಾಗದ ತೆಗೆದುಕೊಂಡು ಹೆಸರು ಬರೆಯುವ ಮೊದಲೇ ಒಂದು ಹೆಸರು ತಾನಾಗಿಯೇ ಅಳಿಸಿಹೋಯಿತು. “ತಮ್ಮಾ, ನಾ ಮನ್ಯಾಗ ಇರ್ತೇನಿ, ನೀವೆಲ್ಲಾ ಹೋಗಿ ಬರ್ರಿ. ಎಮ್ಮಿ ಹಿಂಡಾಕ ಯಾರ ಅದಾರ?” ಎಂದರು ದೊಡ್ಡ ವೈನಿ. ಅದರ ಬೆನ್ನಿಗೇ ಅವ್ವ, “ನನಗೂ ಮಣಕಾಲ ನೋವು, ನಾ ಬಂದೇನ ಮಾಡ್ಲಿ” ಎಂದಳು. ಕ್ಷಣಮಾತ್ರದಲ್ಲಿ ಎರಡು ಚೀಟಿಯ ಹಣ ಉಳಿಯಿತು. ಯಾರೂ ಅವರನ್ನು ಬಿಡಬೇಕೆಂದು ಹೇಳಿರಲಿಲ್ಲ. ಮದುವೆಯ ದಿಬ್ಬಣದಲ್ಲಿ ಜಾಗ ಸಾಲದಿದ್ದಾಗ, ಆಸ್ಪತ್ರೆಯ ಖರ್ಚು ಬಂದ ವರ್ಷ ಬಟ್ಟೆ ಕೊಳ್ಳುವಾಗ, ಮೊದಲು ಹಿಂದೆ ಸರಿದವರು ಇವರಿಬ್ಬರೇ. ಬಡತನದ ಉಳಿತಾಯವು ಸಮನಾಗಿ ಎಲ್ಲರಿಂದಲೂ ಬರುವುದಿಲ್ಲ. ಕೊಟ್ಟು ರೂಢಿಯಾದವರಿಂದಲೇ ಮತ್ತೆ ಮತ್ತೆ ಬರುತ್ತದೆ. ಅದನ್ನು ತ್ಯಾಗವೆಂದು ಹೊಗಳಿ ಸುಮ್ಮನಾಗುವುದು ಸುಲಭ, ಅಗ್ಗವೂ ಹೌದು.

ನಡುವಿನಣ್ಣ ವ್ಯವಹಾರಸ್ಥ. “ಅವರವರ ಮಕ್ಕಳ ಖರ್ಚು ಅವರವರದು, ಅವ್ವಂದು ಮೂವರದು” ಎಂದ. ನ್ಯಾಯದ ಮಾತೇ. ಆದರೆ ತಲೆಗಿಷ್ಟೆಂದು ಹಂಚಿದರೆ ಯಾರ ಮನೆಯಲ್ಲಿ ತಲೆ ಹೆಚ್ಚೋ, ಯಾರ ಆದಾಯ ಮಳೆಯ ಕೈಯಲ್ಲಿದೆಯೋ, ಅವರ ಮೇಲೆಯೇ ಭಾರ. ಹಿರಿಯಣ್ಣ ಸುಮ್ಮನೆ ಕುಳಿತಿದ್ದ. ಆ ಮೌನದ ಅರ್ಥ ವೈನಿಗೆ ಎಲ್ಲರಿಗಿಂತ ಮೊದಲೇ ತಿಳಿದಿತ್ತು. ಎಮ್ಮೆಯ ನೆಪ ಹುಟ್ಟಿದ್ದು ಅಲ್ಲಿಂದ.

ಆಗ ನಾನು ಒಂದು ಮಾತು ಹೇಳಿದೆ. ಮಠದ ದಾಸೋಹದಲ್ಲಿ ಬಂದವರ ತಲೆ ಎಣಿಸಿ ಪಾತ್ರೆ ಇಡುತ್ತೇವೆಯೇ ಹೊರತು, ಪಾತ್ರೆ ನೋಡಿ ತಲೆ ಕಡಿಮೆ ಮಾಡುವುದಿಲ್ಲ. ಹದಿಮೂರು ಎಂದು ಮೊದಲು ಬರೆಯೋಣ; ಹಣ ಆ ಸಂಖ್ಯೆಗೆ ಮುಟ್ಟುವ ದಿನ ಹೋಗೋಣ; ಮುಟ್ಟದಿದ್ದರೆ ಯಾರೂ ಬೇಡ. ಮಕ್ಕಳ ಮುಖ ಬಾಡಿತು. ಆದರೆ ಅವ್ವನ ಕೋಣೆಯ ಗೂಟಕ್ಕೆ ಒಂದು ಜೋಳಿಗೆ ತೂಗಿತು. ಯಾರು ಬೇಕಾದರೂ ಎಷ್ಟು ಬೇಕಾದರೂ ಹಾಕಬಹುದು, ಎಷ್ಟೆಂದು ಯಾರೂ ಕೇಳಕೂಡದು. ಯುಗಾದಿಯ ಮರುದಿನ ಬಿಚ್ಚಿದಾಗ 24,000 ರೂಪಾಯಿ ಇತ್ತು. ಯಾರದೆಷ್ಟು ಎಂಬುದು ಅವ್ವನಿಗೆ ಗೊತ್ತಿರಬಹುದು. ಅವಳು ಹೇಳಲಿಲ್ಲ.

ಇನ್ನು ಖರ್ಚಿನ ವಿಷಯ. ಭಕ್ತರು ಕೇಳುವುದು ಇದನ್ನೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುವೆ. ಚೀಟಿಯ ದರ ದಿನಕ್ಕೆ ತಕ್ಕಂತೆ ಏರಿಳಿಯುವುದರಿಂದ ವಾರಾಂತ್ಯ ಬಿಟ್ಟು ಮಂಗಳವಾರ ಹಿಡಿದೆವು. 60 ದಾಟಿದ ಅವ್ವನಿಗೆ ರಿಯಾಯಿತಿ ದೊರೆಯಿತು. ಗುರುತಿನ ಚೀಟಿ ಬೇಕು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಹಣವಿಲ್ಲ. ಹದಿಮೂರು ಜನರಲ್ಲಿ ಏಳು ಮಂದಿ ಹಾಗೆ ಬಂದರು, ಕೂಸಿಗೆ ಮೊದಲೇ ಇಲ್ಲ. ಹಣ ಕೊಟ್ಟವರು ಐವರು ಗಂಡಸರು, ಅವರಲ್ಲಿ ಇಬ್ಬರು ಅರ್ಧ ಟಿಕೆಟ್ಟಿನ ಹುಡುಗರು. ಸ್ಲೀಪರ್ ಬಸ್ಸಿನ ಸುಖಕ್ಕೆ ಆಸೆಪಟ್ಟಿದ್ದರೆ ಈ ಅನುಕೂಲ ಸಿಗುತ್ತಿರಲಿಲ್ಲ. ರಾತ್ರಿಯಿಡೀ ಕುಳಿತೇ ನಿದ್ದೆ ಮಾಡಿದೆವು.

ಉದ್ಯಾನದೊಳಗೆ ಹೊರಗಿನ ಆಹಾರ ಒಯ್ಯುವಂತಿಲ್ಲ. ಆದ್ದರಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರಿನ ಬುತ್ತಿಯನ್ನು ಬಾಗಿಲ ಹೊರಗೆ ಮರದ ನೆರಳಲ್ಲಿ ಬಿಚ್ಚಿ, ಹೊಟ್ಟೆ ತುಂಬ ಉಂಡು ಒಳಗೆ ಹೋದೆವು. ಒಳಗೆ ಮಧ್ಯಾಹ್ನ ಮಕ್ಕಳಿಗಷ್ಟೇ ತಿಂಡಿ. ಇನ್ನೊಂದು ಸಂಗತಿ ಬಟ್ಟೆಯದು. ನೀರಿನ ಆಟಗಳಿಗೆ ಸೀರೆ, ಧೋತರ, ಹತ್ತಿಯ ಬಟ್ಟೆ ನಡೆಯದು. ನೈಲಾನ್ ಅಥವಾ ಪಾಲಿಯೆಸ್ಟರ್ ಬೇಕು. ಅಲ್ಲಿಯ ಅಂಗಡಿಯಲ್ಲೂ ಸಿಗುತ್ತದೆ, ಆದರೆ ನಾವು ಹಾವೇರಿಯ ಸಂತೆಯಲ್ಲೇ ಕೊಂಡೆವು. ವೈನಿಗೆ ಕೊಳ್ಳುವಾಗ ದೊಡ್ಡ ವಾದವೇ ನಡೆಯಿತು. ‘ಈ ವಯಸ್ಸಿನಾಗ ಇದನ್ನ ಹಾಕ್ಕೊಂಡು ಜನರೆದುರು ನಿಲ್ಲಲೇನು’ ಎಂಬುದು ಅವರ ಪ್ರಶ್ನೆ. ನನ್ನ ಮನೆಯವರು ಮಾತಾಡದೆ ಅದೇ ಬಣ್ಣದ ಎರಡು ಜೊತೆ ಕೊಂಡು, ಒಂದನ್ನು ತಮಗೆ ಇಟ್ಟುಕೊಂಡರು. ವಾದ ಅಲ್ಲಿಗೆ ನಿಂತಿತು.

ಚೀಟಿಯಲ್ಲಿ ಮಕ್ಕಳ ದರ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ನಾವು ಹೋದಾಗ 140 ಸೆಂಟಿಮೀಟರ್ ದಾಟಿದರೆ ದೊಡ್ಡವರ ದರ. ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆದಾಗ ಹಿರಿಯಣ್ಣನ ಹನ್ನೊಂದರ ಮಗ ಮೂರು ಸೆಂಟಿಮೀಟರ್ ಹೆಚ್ಚಿದ್ದ. “ಮಣಕಾಲ ಸ್ವಲ್ಪ ಬಗ್ಗಿಸಿ ನಿಂತರ ಆತು” ಎಂದ ನಡುವಿನಣ್ಣ. ನಾನು ಸತ್ಯದ ಬಗ್ಗೆ ಉಪದೇಶ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಹುಡುಗನೇ, “ಕಾಕಾ, ನಾ ಬಗ್ಗೂದಿಲ್ಲ. ದೊಡ್ಡ ಆಟಕ್ಕೂ ಅಷ್ಟ ಎತ್ತರ ಬೇಕಂತ” ಎಂದ. ಉಪದೇಶ ಉಳಿಯಿತು.

ಎಮ್ಮೆಯ ಪ್ರಶ್ನೆಗೆ ಪಕ್ಕದ ಮನೆಯ ಚಿಗವ್ವ ಉತ್ತರವಾದರು. ಎರಡು ದಿನ ಅವರೇ ಹಿಂಡುವುದು, ಹಾಲು ಅವರೇ ಇಟ್ಟುಕೊಳ್ಳುವುದು.

ಮಂಗಳವಾರ ಬೆಳಿಗ್ಗೆ ಬೆಂಗಳೂರಲ್ಲಿ ನೆಂಟರ ಮನೆಯಲ್ಲಿ ಸ್ನಾನ, ಪೂಜೆ ಮುಗಿಸಿ ಮೈಸೂರು ರಸ್ತೆಯ ಬಸ್ಸು ಹಿಡಿದೆವು. ದಾರಿಯಲ್ಲಿ ಅವ್ವನಿಗೆ ಈ ಉದ್ಯಾನದ ಸ್ಥಾಪಕರಾದ ಕೇರಳದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿಯವರು 2011ರಲ್ಲಿ ತಮಗೆ ಸಂಬಂಧವೇ ಇಲ್ಲದ ರೋಗಿಯೊಬ್ಬರಿಗೆ ತಮ್ಮ ಮೂತ್ರಪಿಂಡ ದಾನ ಮಾಡಿದ ಸಂಗತಿ ಹೇಳಿದೆ. ಚೀಟಿಯ ದರ ಕೇಳಿದಂದಿನಿಂದ ಮುನಿಸಿಕೊಂಡಿದ್ದ ಅವ್ವ ಸ್ವಲ್ಪ ಹೊತ್ತು ಯೋಚಿಸಿ, “ಹಂಗಾದ್ರ ಕೊಡಾಕ ಅಡ್ಡಿ ಇಲ್ಲ” ಎಂದಳು.

ಒಳಗೆ ಮಕ್ಕಳು ಮಾಡಿದ್ದನ್ನು ಬರೆಯಬೇಕಾಗಿಲ್ಲ. ಎಲ್ಲರ ಮಕ್ಕಳೂ ಮಾಡುವುದನ್ನೇ ಮಾಡಿದವು. ಅವ್ವ ಎತ್ತರದ ತೊಟ್ಟಿಲನ್ನು ಎರಡು ಸಲ ಹತ್ತಿದಳು. ಮೊಣಕಾಲಿನ ಸುದ್ದಿ ಆ ದಿನ ಬರಲಿಲ್ಲ. ಉಳಿದ ಹೊತ್ತು ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಹಾದುಹೋಗುವವರ ಊರು ಕೇಳುತ್ತ ಕುಳಿತಳು.

ವೈನಿಯ ಮಾತು ಹೇಳಬೇಕು. ಅಲೆಗಳೇಳುವ ಕೊಳವೊಂದು ಅಲ್ಲಿದೆ. ಯಂತ್ರದಿಂದ ನೀರನ್ನು ತಳ್ಳಿ, ಬಿಟ್ಟು ಬಿಟ್ಟು ಸಮುದ್ರದಂತೆ ಅಲೆ ಎಬ್ಬಿಸುತ್ತಾರೆ. ವೈನಿ ಸಮುದ್ರ ಕಂಡವರಲ್ಲ. ಮೊದಲು ಕಣಕಾಲು ಮುಳುಗುವಷ್ಟು ನೀರಲ್ಲಿ ನಿಂತು, ಹಾಕಿಕೊಂಡ ಬಟ್ಟೆಯನ್ನು ಕೆಳಗೆ ಜಗ್ಗಿಕೊಳ್ಳುತ್ತಿದ್ದರು. ಅಲೆ ಬಂತು. ಹಿಂದೆ ಸರಿದರು. ಮತ್ತೊಂದು ಬಂತು, ಸರಿಯಲಿಲ್ಲ. ಆಮೇಲೆ ಬಟ್ಟೆಯ ಚಿಂತೆ ಕಾಣಲಿಲ್ಲ. ಹೆಣ್ಣುಮಕ್ಕಳಿಬ್ಬರ ಕೈ ಹಿಡಿದು ಎದೆಮಟ್ಟದ ನೀರಿಗೆ ಹೋಗಿದ್ದರು. ಅಲೆ ನಿಂತಾಗಲೆಲ್ಲ ಮುಂದಿನದಕ್ಕೆ ಕಾಯುತ್ತ ಅಲ್ಲೇ ನಿಂತರು. ಹೀಗೆ ಒಂದೂವರೆ ತಾಸು. ಹಸಿದ ಮಕ್ಕಳು ಕರೆದವು, ಅಣ್ಣ ದಂಡೆಯಿಂದ ಕರೆದ. “ಇನ್ನೊಂದು ಬರಲಿ ತಡೀರಿ” ಎಂದರು. ಇಪ್ಪತ್ತು ವರ್ಷಗಳಲ್ಲಿ ಅವರು ಅಣ್ಣನಿಗೆ ‘ತಡೀರಿ’ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಣ್ಣ ಚಪ್ಪಲಿ ಕಳಚಿಟ್ಟು ದಂಡೆಯ ಮೇಲೆ ಕುಳಿತ, ಕಾದ.

ಊರಿಗೆ ಮರಳಿದಾಗ ಜೋಳಿಗೆಯಲ್ಲಿ ಸಾವಿರದ ಚಿಲ್ಲರೆ ಉಳಿದಿತ್ತು. ಅದನ್ನು ತೆಗೆಯದೆ ಮತ್ತೆ ಗೂಟಕ್ಕೆ ತೂಗುಹಾಕಿದ್ದೇವೆ. ಮುಂದಿನ ಸಲ ಅಷ್ಟು ದೂರ ಬೇಡ; ನಮ್ಮ ಜಿಲ್ಲೆಯಲ್ಲೇ, ಶಿಗ್ಗಾವಿ ತಾಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ಹೋಗುವ ವಿಚಾರವಿದೆ. ಕಲಾವಿದರಾದ ಟಿ.ಬಿ. ಸೊಲಬಕ್ಕನವರ ಅವರು ಹೆದ್ದಾರಿಯ ಪಕ್ಕದಲ್ಲಿ ಕಟ್ಟಿದ ಆ ಉದ್ಯಾನದಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬಾಳೆಲ್ಲ ಆಳೆತ್ತರದ ಶಿಲ್ಪಗಳಾಗಿ ನಿಂತಿದೆ. ಅಲ್ಲಿ ಅವ್ವ ಮಕ್ಕಳಿಗೆ ಹೇಳಬೇಕಾದದ್ದು ಬಹಳ. ಈ ಸಲದ ಕಾಗದದಲ್ಲಿ ಹದಿನಾಲ್ಕು ಎಂದು ಬರೆದಿದ್ದೇವೆ. ಹದಿನಾಲ್ಕನೆಯವರು ಎಮ್ಮೆ ಹಿಂಡಿಕೊಟ್ಟ ಪಕ್ಕದ ಮನೆಯ ಚಿಗವ್ವ. ಕೇಳಲು ಹೋದವರು ವೈನಿಯೇ. “ನಾ ಮನ್ಯಾಗ ಇರ್ತೇನಿ, ನಿಮ್ಮ ಎಮ್ಮಿ ಹಿಂಡಾಕ ಯಾರ ಅದಾರ?” ಎಂದರಂತೆ ಚಿಗವ್ವ. ಎಮ್ಮೆಗೆ ಬೇರೆ ಯಾರನ್ನು ಹುಡುಕುವುದೆಂದು ವೈನಿ ಈಗ ಓಣಿಯಲ್ಲಿ ವಿಚಾರಿಸುತ್ತಿದ್ದಾರೆ.