ಹೆಸರಘಟ್ಟದ ಏರಿಯ ಮೇಲೆ ಸಿಕ್ಕ ಸಿಗ್ನಲ್ಲು

ದಾಸರಹಳ್ಳಿಯ ಎಂಟನೇ ಮೈಲಿಯಲ್ಲಿ ತಿರುಗಿ, ಬಾಗಲಗುಂಟೆ, ಚಿಕ್ಕಬಾಣಾವರಗಳನ್ನು ಹಿಂದೆ ಬಿಟ್ಟರೆ ಬೆಂಗಳೂರಿನ ಗದ್ದಲ ನಿಧಾನವಾಗಿ ಸಡಿಲವಾಗುತ್ತದೆ. ಮುಂದೆ ಸಿಗುವುದೇ ಹೆಸರಘಟ್ಟ. ಒಡಿಸ್ಸಿ ಕಲಿಸುವ ನೃತ್ಯಗ್ರಾಮ, ಮಾವು ದಾಳಿಂಬೆಗಳ ಹೊಸ ತಳಿಗಳನ್ನು ರೂಪಿಸಿದ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಹಕ್ಕಿ ನೋಡುವವರು ದುರ್ಬೀನು ಹಿಡಿದು ಅಲೆಯುವ ಹುಲ್ಲುಗಾವಲು, ಇವೆಲ್ಲವೂ ಇಲ್ಲಿವೆ. ಇವಕ್ಕೆಲ್ಲ ಹಿರಿಯದು ಕೆರೆ. ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಬೆಂಗಳೂರಿಗೆ ಕುಡಿಯುವ ನೀರು ಕೊಡಲೆಂದು ಕಟ್ಟಿದ್ದು. ನೀರು ತನ್ನ ಪಾಡಿಗೆ ಇಳಿಜಾರಿನಲ್ಲಿ ಸೋಲದೇವನಹಳ್ಳಿಯ ಕಡೆಗೆ ಹರಿದುಹೋಗುತ್ತಿತ್ತು. ಅಲ್ಲಿಂದ ನಗರದ ಎತ್ತರಕ್ಕೆ ಏರಿಸಲು ಉಗಿಯಂತ್ರಗಳು ಬೇಕಾದವು. ಇಳಿಜಾರಿನ ಕೆಲಸ ಇಳಿಜಾರಿಗೆ, ಎತ್ತುವ ಕೆಲಸ ಯಂತ್ರಕ್ಕೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಈ ಏರಿಯ ಮೇಲೆ ಮೊದಲು ಹೋದದ್ದು ಕೆರೆ ನೋಡಲಿಕ್ಕಲ್ಲ. 2020ರ ಮಳೆಗಾಲ. ಶಾಲೆಗಳು ಮುಚ್ಚಿದ್ದವು. ದೂರದರ್ಶನ ಚಂದನದಲ್ಲಿ ಪಾಠ ಬರುತ್ತಿತ್ತಾದರೂ ಟಿವಿಯನ್ನು ತಿರುಗಿ ಪ್ರಶ್ನೆ ಕೇಳುವ ಹಾಗಿಲ್ಲವಲ್ಲ! ಅದಕ್ಕೆಂದು ಸಂಜೆ ನಾನು ಫೋನಿನಲ್ಲಿ ಹತ್ತನೇ ತರಗತಿಯ ಮಕ್ಕಳನ್ನು ಸೇರಿಸುತ್ತಿದ್ದೆ. ಅವರಲ್ಲಿ ಒಬ್ಬ ಹುಡುಗಿಯ ಹಿಂದೆ ಯಾವಾಗಲೂ ಗಾಳಿಯ ಸದ್ದು. ವಿಚಾರಿಸಿದರೆ, ಮನೆ ಏರಿಯ ಕೆಳಗಿನ ತಗ್ಗಿನಲ್ಲಿ, ಮೇಲೆ ತಗಡಿನ ಸೂರು. ಸಿಗ್ನಲ್ಲು ಬರುವುದಿಲ್ಲವೆಂದು ಏರಿ ಹತ್ತಿ ಕೂರುತ್ತಾಳೆ. ಅವಳ ತಾಯಿ ಒಂದು ದಿನ ತಾವೇ ಫೋನ್ ಮಾಡಿದರು. "ಮೇಷ್ಟ್ರೇ, ಕತ್ತಲಾಗೋ ಹೊತ್ತಲ್ಲಿ ಮಗು ಒಬ್ಬಳೇ ಅಲ್ಲಿ ಕೂರೋದು ನಂಗೆ ಸರಿಕಾಣಲ್ಲ. ನಾಳೆಯಿಂದ ಕಳಿಸಲ್ಲ, ಬೇಜಾರು ಮಾಡ್ಕೋಬೇಡಿ" ಎಂದರು. ತಾಯಿಯ ಮಾತು ತಪ್ಪೆಂದು ಹೇಳಲು ನನ್ನ ಬಳಿ ಕಾರಣವಿರಲಿಲ್ಲ.

ಎಸ್.ಪಿ. ರಸ್ತೆಯ ಅಂಗಡಿಯಾತ ಬೂಸ್ಟರ್ ತೋರಿಸಿದ. ಅದು ಸೋಲದೇವನಹಳ್ಳಿಯ ಯಂತ್ರದ ಜಾತಿ: ವಿದ್ಯುತ್ತು ತಿಂದು ಸಿಗ್ನಲ್ಲನ್ನು ಎತ್ತುತ್ತದೆ. ಆದರೆ ಪರವಾನಗಿಯಿಲ್ಲದೆ ಅದನ್ನು ಮನೆಯಲ್ಲಿ ಹಚ್ಚುವುದು ಕಾನೂನಿಗೆ ವಿರುದ್ಧ. ಸುತ್ತಲಿನವರ ಫೋನುಗಳೂ ಕೆಡುತ್ತವೆ. ನಾನು ಕೊಂಡಿದ್ದು ಎರಡು ಆಂಟೆನಾ ಮತ್ತು 15 ಮೀಟರ್ ದಪ್ಪ ಕೇಬಲ್. ಕೋಲಿನ ತುದಿಯಲ್ಲಿ ಒಂದು, ಹಳೆಯ ಟಿವಿ ಆಂಟೆನಾದ ಹಾಗೆ ಟವರಿನತ್ತ ಮುಖ ಮಾಡಿ, ಮನೆಯೊಳಗೆ ಇನ್ನೊಂದು. ನಡುವೆ ಬರೀ ತಂತಿ. ಮೇಲಿನದು ಹಿಡಿದದ್ದನ್ನು ಒಳಗಿನದು ಚೆಲ್ಲುತ್ತದೆ. ಯಂತ್ರವಿಲ್ಲ, ಬರೀ ಇಳಿಜಾರು.

ಎಷ್ಟು ಸಿಗ್ನಲ್ಲು ಬರಬಹುದು? ಫೋನಿನ ಮೇಲಿನ ಕಡ್ಡಿಗಳನ್ನು ನಂಬಬೇಡಿ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಥಿತಿ ಎಂಬಲ್ಲಿ ಡಿಬಿಎಂ ಎಂಬ ಸಂಖ್ಯೆ ಇರುತ್ತದೆ. ಸೊನ್ನೆ ಎಂದರೆ ಒಂದು ಮಿಲಿವ್ಯಾಟ್. ಪ್ರತಿ 10 ಇಳಿದಾಗ ಶಕ್ತಿ ಹತ್ತನೇ ಒಂದಾಗುತ್ತದೆ, 3 ಇಳಿದರೆ ಅರ್ಧ. ಮೈನಸ್ 100 ಎಂದರೆ ಮಿಲಿವ್ಯಾಟಿನ ಸಾವಿರ ಕೋಟಿಯಲ್ಲಿ ಒಂದು ಪಾಲು. ಅಷ್ಟರಲ್ಲೂ ಫೋನು ಮಾತನಾಡುತ್ತದೆ ಎನ್ನುವುದೇ ನನಗೆ ಇಂದಿಗೂ ಬೆರಗು. ಗುಣಾಕಾರವೆಲ್ಲ ಡೆಸಿಬೆಲ್‌ನಲ್ಲಿ ಬರೀ ಕೂಡುವುದು ಕಳೆಯುವುದಾಗುವುದರಿಂದ ಹತ್ತನೇ ತರಗತಿಯವರಿಗೂ ಲೆಕ್ಕ ಕಷ್ಟವಲ್ಲ.

ಮನೆಯೊಳಗೆ ಮೈನಸ್ 118 ಇತ್ತು. ಹುಡುಗಿಯ ಅಣ್ಣ ಫೋನನ್ನು ಕೋಲಿಗೆ ಕಟ್ಟಿ ಮೇಲೆತ್ತಿದಾಗ ಮೈನಸ್ 76. ಟವರಿನಿಂದ ಅಲ್ಲಿಯವರೆಗಿನ ನಷ್ಟವನ್ನು ಫೋನೇ ಅಳೆದುಕೊಟ್ಟ ಹಾಗಾಯಿತು. ಮೇಲಿನ ಆಂಟೆನಾದ ಗಳಿಕೆ 15, ಕೇಬಲ್ಲು ನುಂಗುವುದು 3, ಒಳಗಿನ ಆಂಟೆನಾದ ಗಳಿಕೆ 5. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಕೂಡಿ ಕಳೆದು ಮೈನಸ್ 59 ಎಂದು ಬರೆದೆ. "ಇನ್ನು ಕಡ್ಡಿಗಳೆಲ್ಲ ತುಂಬುತ್ತವೆ ನೋಡಮ್ಮ" ಎಂದು ತಾಯಿಗೆ ಹೇಳಿಯೂಬಿಟ್ಟೆ.

ಎಲ್ಲವನ್ನೂ ಜೋಡಿಸಿ, ಮೂರು ಮೀಟರ್ ದೂರದ ಮೇಜಿನ ಮೇಲೆ ಫೋನಿಟ್ಟೆವು. ಮೈನಸ್ 109.

ಮನೆಯವರು ಏನೂ ಅನ್ನಲಿಲ್ಲ, ಕಾಫಿ ಕೊಟ್ಟರು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ತಪ್ಪು ಹಿಡಿದವಳು ಹುಡುಗಿಯೇ. "ಸಾರ್, ಒಳಗಿನ ಆಂಟೆನಾದಿಂದ ಫೋನಿಗೆ ತಂತಿ ಇಲ್ಲವಲ್ಲ, ಅಲ್ಲೂ ಗಾಳಿಯಲ್ಲೇ ಬರಬೇಕಲ್ಲವಾ?"

ಹೌದಲ್ಲ! ಎರಡನೆಯ ಪಯಣದ ಸುಂಕವನ್ನೇ ನಾನು ಮರೆತಿದ್ದೆ. ತೆರೆದ ಬಯಲಿನಲ್ಲಿ ನಷ್ಟದ ಸೂತ್ರ ಹೀಗಿದೆ: ಕಿಲೋಮೀಟರಿನಲ್ಲಿ ದೂರದ ಲಘುಗಣಕದ 20 ಪಟ್ಟು, ಮೆಗಾಹರ್ಟ್ಸ್‌ನಲ್ಲಿ ಆವೃತ್ತಿಯ ಲಘುಗಣಕದ 20 ಪಟ್ಟು, ಎರಡನ್ನೂ ಕೂಡಿ ಮೇಲೆ 32.4. ಆವೃತ್ತಿ 1800 ಮೆಗಾಹರ್ಟ್ಸ್ ಆದರೆ 2 ಕಿಲೋಮೀಟರಿಗೆ ಸುಮಾರು 104 ಡೆಸಿಬೆಲ್. ಮೊದಲ ಒಂದೇ ಮೀಟರಿಗೆ 38! ಅಲ್ಲಿಂದ ದೂರ ಇಮ್ಮಡಿಯಾದಾಗಲೆಲ್ಲ ಇನ್ನೂ 6. ಮೂರು ಮೀಟರಿಗೆ 47. ಮೈನಸ್ 59ರಿಂದ 47 ಕಳೆದರೆ ಮೈನಸ್ 106. ಉಳಿದ 3 ಡೆಸಿಬೆಲ್ ಕೇಬಲ್ಲಿನ ಕೀಲುಗಳಲ್ಲೋ ನಡುವಿನ ಬೀರುವಿನಲ್ಲೋ ಹೋಗಿರಬೇಕು.

ಇದೇ ಲೆಕ್ಕ ಆಕಾಶದಲ್ಲೂ ನಡೆದಿದೆ. 1960ರ ಆಗಸ್ಟ್‌ನಲ್ಲಿ ಅಮೆರಿಕದವರು ಎಕೋ ಎಂಬ, 30 ಮೀಟರ್ ವ್ಯಾಸದ ಲೋಹಲೇಪಿತ ಬಲೂನನ್ನು ಕಕ್ಷೆಗೆ ಹಾರಿಸಿ, ರೇಡಿಯೋ ಅಲೆಗಳನ್ನು ಅದರಿಂದ ಪುಟಿಸಿ ದೇಶದ ಒಂದು ಕೊನೆಯಿಂದ ಇನ್ನೊಂದಕ್ಕೆ ಮಾತನಾಡಿದರು. ಹೋಗುವ ನಷ್ಟ, ಬರುವ ನಷ್ಟ ಎರಡೂ ಕೂಡಿಕೊಂಡು ತಲುಪಿದ್ದು ತೀರಾ ಕ್ಷೀಣ. ಅದನ್ನು ಕೇಳಿಸಿಕೊಳ್ಳಲು ಕೊಂಬಿನಾಕಾರದ ದೊಡ್ಡ ಆಂಟೆನಾ ಕಟ್ಟಬೇಕಾಯಿತು. ಆ ಕೊಂಬಿನಲ್ಲೇ ಮುಂದೆ ಪೆನ್ಜಿಯಾಸ್ ಮತ್ತು ವಿಲ್ಸನ್ ವಿಶ್ವದ ಹುಟ್ಟಿನ ಕಾಲದ ಅಲೆಗಳನ್ನು ಪತ್ತೆಹಚ್ಚಿ 1978ರಲ್ಲಿ ನೊಬೆಲ್ ಪಡೆದರು. ಅದು ಬೇರೆಯೇ ಕಥೆ.

ತರಗತಿಯಲ್ಲಿ ನಾನು ಕೇಳುವ ಪ್ರಶ್ನೆಯೊಂದಿದೆ. ನಾಲ್ಕು ಕಿಲೋಮೀಟರ್ ಅಂತರದ ಎರಡು ಊರುಗಳ ನಡುವೆ ಇಂಥ ಆಂಟೆನಾ ಜೋಡಿಯನ್ನು ಎಲ್ಲಿ ಇಡುತ್ತೀರಿ? ಎಲ್ಲರೂ "ಮಧ್ಯದಲ್ಲಿ" ಎನ್ನುತ್ತಾರೆ. ಅದೇ ಅತ್ಯಂತ ಕೆಟ್ಟ ಜಾಗ. ನಷ್ಟವನ್ನು ನಿರ್ಧರಿಸುವುದು ಎರಡು ದೂರಗಳ ಗುಣಲಬ್ಧ. ಮಧ್ಯದಲ್ಲಿ 2 ಗುಣಿಸು 2, ಅಂದರೆ 4. ಒಂದು ತುದಿಯಿಂದ ನೂರು ಮೀಟರಿನಲ್ಲಿ 0.1 ಗುಣಿಸು 3.9, ಅಂದರೆ 0.39. ಹತ್ತು ಪಟ್ಟು ಕಡಿಮೆ. ಶಕ್ತಿ ಅದರ ವರ್ಗದಂತೆ ನಡೆಯುವುದರಿಂದ ಸುಮಾರು ನೂರು ಪಟ್ಟು ಲಾಭ.

ನಮಗೂ ಇದ್ದ ದಾರಿ ಅದೊಂದೇ. ಮೇಜನ್ನು ಎಳೆದು ಆಂಟೆನಾದ ಹತ್ತಿರಕ್ಕೆ ತಂದೆವು. ಒಂದು ಮೀಟರಿಗೆ ಲೆಕ್ಕ ಹೇಳಿದ್ದು ಮೈನಸ್ 97, ಫೋನು ತೋರಿಸಿದ್ದು ಮೈನಸ್ 99. ಮೊದಲಿದ್ದ 118ಕ್ಕಿಂತ ಸುಮಾರು ಎಂಬತ್ತು ಪಟ್ಟು ಶಕ್ತಿ. ಫೋನಿನಿಂದ ಟವರಿಗೆ ಹೋಗುವ ಮಾತಿಗೂ ಅದೇ ಪ್ರಮಾಣದ ಲಾಭ, ಏಕೆಂದರೆ ದಾರಿ ಎರಡೂ ಕಡೆಗೆ ಒಂದೇ. ಚಿತ್ರ ಆಗಾಗ ನಿಲ್ಲುತ್ತಿತ್ತು, ಧ್ವನಿ ನಿಲ್ಲಲಿಲ್ಲ. ಅಣ್ಣ ಆಂಟೆನಾಕ್ಕೆ ಒಂದು ಮೀಟರ್ ಟ್ವೈನ್ ದಾರ ಕಟ್ಟಿಟ್ಟ, ಯಾರಾದರೂ ಮೇಜು ಸರಿಸಿದರೆ ಅಳೆದು ಹಿಂದಕ್ಕಿಡಲು. ಹುಡುಗಿ ಪರೀಕ್ಷೆಯವರೆಗೂ ಅಲ್ಲೇ ಕೂತು ಓದಿದಳು.

ಕಳೆದ ಬೇಸಿಗೆಯಲ್ಲಿ ಆ ಕಡೆ ಹೋದಾಗ ಮನೆಗೆ ಹೋಗಿದ್ದೆ. ಗೋಡೆಗೆ ಸುಣ್ಣ ಹೊಡೆಸಿದ್ದಾರೆ. ನಾನು ಬರೆದ ತಪ್ಪು ಲೆಕ್ಕವಿದ್ದ ಜಾಗವನ್ನು ಮಾತ್ರ ಹುಡುಗಿ ಬಳಿಯಲು ಬಿಟ್ಟಿಲ್ಲ. ಅದರ ಕೆಳಗೆ ಅವಳೇ ಬರೆದ 47 ಇನ್ನೂ ಕಾಣುತ್ತದೆ.